ಮಿಲಾನಿನ ಜಪಸರ: ಸಾಲ್ವಿನಿ, ಪೋಪ್ ಫ್ರಾನ್ಸಿಸ್ ಮತ್ತು ಕಡಲ ದಾರಿಯಲ್ಲಿ ಬಂದವರು

2019ರ ಮೇ 18, ಶನಿವಾರ. ಐರೋಪ್ಯ ಸಂಸತ್ತಿನ ಚುನಾವಣೆಗೆ ಇನ್ನು ಎಂಟೇ ದಿನ. ಮಿಲಾನಿನ ದುವೋಮೊ ಚೌಕದಲ್ಲಿ ಜನ ಕಿಕ್ಕಿರಿದಿದ್ದರು. ದುವೋಮೊ ಎಂದರೆ ಆ ಊರಿನ ಪ್ರಧಾನಾಲಯ, ಬಿಷಪ್ಪರ ಪೀಠವಿರುವ ದೊಡ್ಡ ಚರ್ಚು. ಅದರ ತುತ್ತತುದಿಯ ಗೋಪುರದ ಮೇಲೆ ಚಿನ್ನದ ಲೇಪದ ಮರಿಯಮ್ಮನ ಪ್ರತಿಮೆಯಿದೆ. ಊರಿನವರ ಬಾಯಲ್ಲಿ ಅವಳು 'ಮದೊನ್ನೀನಾ'. ಕೆಳಗೆ ವೇದಿಕೆಯಲ್ಲಿ ವಲಸೆಯನ್ನು ವಿರೋಧಿಸುವ ಬಲಪಂಥೀಯ ನಾಯಕರು: ಫ್ರಾನ್ಸಿನ ಮರೀನ್ ಲ ಪೆನ್, ನೆದರ್ಲೆಂಡ್ಸಿನ ಗೀರ್ಟ್ ವಿಲ್ಡರ್ಸ್. ಆತಿಥೇಯ ಮತ್ತೆಯೊ ಸಾಲ್ವಿನಿ, ಆಗ ಇಟಲಿಯ ಗೃಹಸಚಿವ, ಉಪಪ್ರಧಾನಿ, ಲೇಗಾ ಪಕ್ಷದ ನಾಯಕ.

ಭಾಷಣದಲ್ಲಿ ಸಾಲ್ವಿನಿ ಯೂರೋಪಿನ ಆರು ಮಂದಿ ಪೋಷಕ ಸಂತರ ಹೆಸರುಗಳನ್ನು ಒಂದೊಂದಾಗಿ ಹೇಳಿದರು: ನೂರ್ಸಿಯಾದ ಬೆನೆಡಿಕ್ಟ್, ಸ್ವೀಡನ್ನಿನ ಬ್ರಿಜಿಡ್, ಸಿಯೆನಾದ ಕ್ಯಾಥರೀನ್, ಸಿರಿಲ್, ಮೆಥೋಡಿಯಸ್, ಎಡಿತ್ ಸ್ಟೈನ್. ಮರಿಯಮ್ಮನ ನಿಷ್ಕಳಂಕ ಹೃದಯ ನಮ್ಮನ್ನು ಗೆಲುವಿನತ್ತ ನಡೆಸುತ್ತದೆ ಎಂದರು. ಕೈಯಲ್ಲಿದ್ದ ಜಪಸರವನ್ನು ಎತ್ತಿ ತೋರಿಸಿ ಮುತ್ತಿಟ್ಟರು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಥೋಲಿಕರ ಮನೆಯಲ್ಲಿ ಬೆಳೆದವರಿಗೆ ಅದು ಸಂಜೆ ಮನೆಮಂದಿಯೆಲ್ಲ ಮೊಣಕಾಲೂರಿ ಬೆರಳಲ್ಲಿ ಸರಿಸುವ ಮಣಿಗಳು. ಅದನ್ನು ಮೈಕಿನ ಮುಂದೆ ಬಾವುಟದ ಹಾಗೆ ಬೀಸುವುದನ್ನು ಅವರು ಕಂಡಿರಲಾರರು.

ಇದೇ ಭಾಷಣದ ನಡುವೆ ಪೋಪ್ ಫ್ರಾನ್ಸಿಸ್ ಹೆಸರು ಬಂತು. ಮೆಡಿಟರೇನಿಯನ್ ಕಡಲಿನಲ್ಲಿ ಸಾವು ತಗ್ಗಬೇಕೆಂದು ಪೋಪ್ ಹೇಳುತ್ತಾರೆ, ಅದನ್ನು ಕ್ರೈಸ್ತ ಮನೋಭಾವದಿಂದ ಮಾಡುತ್ತಿರುವುದು ನಮ್ಮ ಸರ್ಕಾರವೇ ಎಂಬುದು ಸಾಲ್ವಿನಿ ಅವರ ಮಾತಿನ ಸಾರ. ಪೋಪರ ಹೆಸರು ಕಿವಿಗೆ ಬಿದ್ದದ್ದೇ ತಡ, ಜನ ಸಿಳ್ಳೆ ಹಾಕಿ ಧಿಕ್ಕಾರ ಕೂಗಿದರು. ಪ್ರಧಾನಾಲಯದ ಅಂಗಳ, ಸಂತರ ನಾಮಸ್ಮರಣೆ, ಮರಿಯಮ್ಮನ ಜಪ, ಅದರ ನಡುವೆಯೇ ಜಗದ್ಗುರುವಿಗೆ ಧಿಕ್ಕಾರ. ಈ ಒಂದು ಗಳಿಗೆಯನ್ನು ಬಿಡಿಸಿ ನೋಡುವುದಷ್ಟೇ ಈ ಬರಹದ ಕೆಲಸ. ಪೋಪರಿಗಿಂತ ತಾವೇ ಹೆಚ್ಚು ಕಥೋಲಿಕರೆಂದು ಆ ಚೌಕದಲ್ಲಿದ್ದವರಿಗೆ ಅನ್ನಿಸಿದ್ದು ಹೇಗೆ?

ಲಾಂಪೆದೂಸಾದ ಪೂಜೆ

ಕಥೆ ಆರು ವರ್ಷ ಹಿಂದಕ್ಕೆ ಹೋಗುತ್ತದೆ. 2013ರ ಮಾರ್ಚಿನಲ್ಲಿ ಆಯ್ಕೆಯಾದ ಫ್ರಾನ್ಸಿಸ್, ರೋಮಿನ ಹೊರಗಿನ ತಮ್ಮ ಮೊದಲ ಪ್ರವಾಸಕ್ಕೆ ಆರಿಸಿಕೊಂಡದ್ದು ಲಾಂಪೆದೂಸಾ ದ್ವೀಪವನ್ನು. ಸಿಸಿಲಿಗಿಂತ ಟುನೀಶಿಯಕ್ಕೆ ಹತ್ತಿರವಿರುವ, ಆರು ಸಾವಿರ ಚಿಲ್ಲರೆ ಜನರ ಮೀನುಗಾರರ ದ್ವೀಪ ಅದು. ಜುಲೈ 8ರಂದು ಅವರು ಮುಳುಗಿದವರ ನೆನಪಿಗೆ ಕಡಲಿಗೆ ಹೂವಿನ ಹಾರ ಹಾಕಿ, ಆಟದ ಮೈದಾನದಲ್ಲಿ ಬಲಿಪೂಜೆ ಅರ್ಪಿಸಿದರು. ಪೀಠವಾಗಿದ್ದದ್ದು ಒಂದು ದೋಣಿ. ಕೈಯಲ್ಲಿದ್ದ ದಂಡ, ಪೂಜೆಯ ಪಾನಪಾತ್ರೆ ಎರಡನ್ನೂ ವಲಸಿಗರ ಒಡೆದ ದೋಣಿಗಳ ಮರದಿಂದಲೇ ಮಾಡಿದ್ದರು. ನಮ್ಮ ಉದಾಸೀನವೂ ಜಾಗತೀಕರಣಗೊಂಡಿದೆ ಎಂದು ಆ ದಿನ ಅವರು ಆಡಿದ ಮಾತು ಮುಂದಿನ ಹನ್ನೆರಡು ವರ್ಷ ಅವರ ಬೆನ್ನಿಗೇ ಇತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್ 3ರಂದು, ಅದೇ ದ್ವೀಪದ ತೀರದ ಬಳಿ ವಲಸಿಗರ ಹಡಗೊಂದು ಮುಳುಗಿ 368 ಮಂದಿ ಸತ್ತರು.

2015ರ ಸೆಪ್ಟೆಂಬರಿನಲ್ಲಿ ಅವರು ಯೂರೋಪಿನ ಪ್ರತಿಯೊಂದು ಧರ್ಮಕೇಂದ್ರವೂ (ಪ್ಯಾರಿಷ್) ಒಂದೊಂದು ನಿರಾಶ್ರಿತ ಕುಟುಂಬಕ್ಕೆ ಆಸರೆ ಕೊಡಲಿ ಎಂದು ಕರೆ ಕೊಟ್ಟರು. 2016ರ ಏಪ್ರಿಲಿನಲ್ಲಿ ಗ್ರೀಸಿನ ಲೆಸ್ಬೋಸ್ ದ್ವೀಪಕ್ಕೆ ಹೋದವರು ಮರಳುವಾಗ ತಮ್ಮ ವಿಮಾನದಲ್ಲೇ ಸಿರಿಯದ ಹನ್ನೆರಡು ಮಂದಿಯನ್ನು ಕರೆತಂದರು. ಮೂರು ಕುಟುಂಬಗಳು, ಮೂರೂ ಮುಸ್ಲಿಂ. ಈ ಕೊನೆಯ ವಿವರ ಸಂಪ್ರದಾಯವಾದಿಗಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಸಿರಿಯದಲ್ಲಿ ಕ್ರೈಸ್ತರೂ ಸಾಯುತ್ತಿದ್ದಾರೆ, ಅವರಲ್ಲಿ ಒಂದು ಕುಟುಂಬವೂ ಪೋಪರ ಕಣ್ಣಿಗೆ ಬೀಳಲಿಲ್ಲವೇ ಎಂದು ಅವರು ಕೇಳಿದರು. ಕಾಗದಪತ್ರ ಸರಿಯಿದ್ದ ಕುಟುಂಬಗಳು ಇವೇ ಆಗಿದ್ದವು ಎಂಬ ಉತ್ತರ ಬಂದರೂ ಮುಳ್ಳು ಹೊರಬರಲಿಲ್ಲ.

ಸಂಪ್ರದಾಯವಾದಿಗಳ ವಾದ, ಅದರ ಗಟ್ಟಿ ಭಾಗ

ಇಂಥ ಸಂದರ್ಭದಲ್ಲಿ ಸಂಪ್ರದಾಯವಾದಿ ವ್ಯಾಖ್ಯಾನಕಾರರನ್ನೆಲ್ಲ ದ್ವೇಷ ಬಿತ್ತುವವರು ಎಂದು ಒಂದೇ ಗಂಟಿಗೆ ಕಟ್ಟಿ ಮೂಲೆಗೆಸೆಯುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ಅವರ ವಾದಕ್ಕೆ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಒಳಗೇ ಬೇರುಗಳಿವೆ, ಅವು ಸಾಲ್ವಿನಿಗಿಂತ ಹಳೆಯವು.

2000ದಲ್ಲೇ ಬೊಲೊನ್ಯದ ಕಾರ್ಡಿನಲ್ ಜಾಕೊಮೊ ಬಿಫ್ಫಿ, ವಲಸಿಗರನ್ನು ಬರಮಾಡಿಕೊಳ್ಳುವಾಗ ಇಟಲಿ ಕಥೋಲಿಕರಿಗೆ ಆದ್ಯತೆ ಕೊಡಲಿ, ಬೇರೆ ಕುಟುಂಬ ಕಾನೂನು, ಬೇರೆ ಹಬ್ಬ, ಬೇರೆ ಊಟದ ಕಟ್ಟಳೆ ಇರುವವರು ಇಲ್ಲಿ ಬೆರೆಯುವುದು ಕಷ್ಟ ಎಂದು ಬರೆದು ಗದ್ದಲ ಎಬ್ಬಿಸಿದ್ದರು. ಧರ್ಮಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥದ 2241ನೆಯ ಪರಿಚ್ಛೇದ ಇನ್ನೂ ಗಟ್ಟಿಯಾದ ಆಧಾರ. ಅನುಕೂಲಸ್ಥ ದೇಶಗಳು ತಮ್ಮ ಶಕ್ತಿಯಿದ್ದಷ್ಟು ಪರಕೀಯರನ್ನು ಬರಮಾಡಿಕೊಳ್ಳಬೇಕು ಎನ್ನುವ ಅದೇ ಪರಿಚ್ಛೇದ, ಸರ್ಕಾರಗಳು ಸಾರ್ವಜನಿಕ ಹಿತಕ್ಕಾಗಿ ಷರತ್ತು ವಿಧಿಸಬಹುದು, ಬಂದವರು ಆ ನಾಡಿನ ಪರಂಪರೆಯನ್ನು ಗೌರವಿಸಿ ಕಾನೂನಿಗೆ ತಲೆಬಾಗಬೇಕು ಎಂದೂ ಹೇಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಗೆ ಧರ್ಮಶಾಸ್ತ್ರದ ಉಡುಪು ತೊಡಿಸಿದಂತಿದೆ. 'ಶಕ್ತಿಯಿದ್ದಷ್ಟು' ಎಂಬ ಪದವನ್ನು ಪೋಪರ ಕಡೆಯವರು ಬೇಗ ಓದಿ ಮುಂದೆ ಹೋದರು, ಎದುರಿನವರು ಅದೊಂದನ್ನೇ ಓದಿದರು.

ಫ್ರಾನ್ಸಿಸ್‌ಗಿಂತ ಹಿಂದಿನ ಪೋಪ್ ಬೆನೆಡಿಕ್ಟ್ 16 ಅವರಿಂದ ಬಂದ ಇನ್ನೊಂದು ಮಾತೂ ಇತ್ತು: ವಲಸೆ ಹೋಗುವ ಹಕ್ಕಿಗಿಂತ ಮೊದಲು, ವಲಸೆ ಹೋಗದೆ ತನ್ನ ನೆಲದಲ್ಲೇ ಬಾಳುವ ಹಕ್ಕು. ತೊಳೆದ ಮುತ್ತಿನಂಥ ಮಾತು. ಆಫ್ರಿಕದ ಹಳ್ಳಿಯ ಹುಡುಗ ದೋಣಿ ಹತ್ತುವ ಅಗತ್ಯವೇ ಬೀಳದಂತೆ ನೋಡಿಕೊಳ್ಳಿ ಎನ್ನುವ ಈ ವಾದವನ್ನು ಗಿನಿಯ ಕಾರ್ಡಿನಲ್ ರಾಬರ್ಟ್ ಸಾರಾ ಕೂಡ ಎತ್ತಿಹಿಡಿದರು. ತಾವೇ ಆಫ್ರಿಕದವರಾದ ಸಾರಾ ಹೀಗೆಂದಾಗ ಸಂಪ್ರದಾಯವಾದಿ ಪತ್ರಕರ್ತರಿಗೆ ಹಬ್ಬ. ಫ್ರಾನ್ಸಿಸ್ ಕೂಡ 2016ರ ನವೆಂಬರಿನಲ್ಲಿ ಸ್ವೀಡನ್ನಿನಿಂದ ಮರಳುವ ವಿಮಾನದಲ್ಲಿ, ಸರ್ಕಾರಗಳು ವಿವೇಕದಿಂದ ನಡೆಯಬೇಕು, ತಮ್ಮೊಳಗೆ ಬೆರೆಸಿಕೊಳ್ಳಲು ಆಗುವಷ್ಟು ಮಂದಿಯನ್ನೇ ತೆಗೆದುಕೊಳ್ಳಬೇಕು ಎಂದಿದ್ದರು. ಲಾಂಪೆದೂಸಾದ ಮಾತಿಗೆ ಸಿಕ್ಕ ಪ್ರಚಾರದ ಹತ್ತರಲ್ಲೊಂದು ಪಾಲೂ ಇದಕ್ಕೆ ಸಿಗಲಿಲ್ಲ.

ಇವು ಓದಿದವರ ವಾದಗಳು. ಬೀದಿಯಲ್ಲಿ ಓಡಾಡುತ್ತಿದ್ದ ಮಾತೇ ಬೇರೆ. ವಲಸಿಗರ ಶಿಬಿರ ನಡೆಸುವವರಿಗೆ ಸರ್ಕಾರ ತಲೆಗೊಂದಕ್ಕೆ ದಿನಕ್ಕೆ ಸುಮಾರು 35 ಯೂರೊ ಕೊಡುತ್ತಿತ್ತು. ಅವುಗಳಲ್ಲಿ ಧರ್ಮಸಭೆಗೆ ಸೇರಿದ ಸಂಸ್ಥೆಗಳೂ ಇದ್ದವು. 2014ರಲ್ಲಿ ರೋಮಿನ ಪಾಲಿಕೆಯ ಭ್ರಷ್ಟಾಚಾರ ಪ್ರಕರಣ ಬಯಲಾದಾಗ, ವಲಸಿಗರಿಂದ ಮಾದಕ ದ್ರವ್ಯಕ್ಕಿಂತ ಹೆಚ್ಚು ದುಡ್ಡು ಬರುತ್ತದೆ ಎಂದು ಸಹಕಾರ ಸಂಘವೊಂದರ ಮುಖಂಡ ಫೋನಿನಲ್ಲಿ ಆಡಿದ್ದ ಮಾತು ಊರೆಲ್ಲ ಹರಡಿತ್ತು. ಆ ಸಂಘ ಧರ್ಮಸಭೆಯದಲ್ಲ. ಆದರೆ ಜನ ಅಷ್ಟು ಬಿಡಿಸಿ ನೋಡುತ್ತಾರೆಯೇ? ದಯೆಯ ಮಾತಾಡುವವರೆಲ್ಲ ದುಡ್ಡಿನವರೇ ಎಂಬ ಸಂಶಯ ಬೇರೂರಿತು. ಅಂಥವರಿಗೆ ಇಟಲಿಯ ಬಲಪಂಥೀಯ ಪತ್ರಿಕೆಗಳಲ್ಲಿ 'ಬ್ವೊನಿಸ್ತಿ' ಎಂದು ಹೆಸರು. ಒಳ್ಳೆಯತನದ ಸೋಗು ಹಾಕುವವರು ಎಂದರ್ಥ. 2018ರ ಜೂನಿನಲ್ಲಿ ಗೃಹಸಚಿವರಾದ ಕೂಡಲೇ ಸಾಲ್ವಿನಿ ಹೇಳಿದ್ದು: ಪುಕ್ಕಟೆ ಮಜಾ ಮುಗಿಯಿತು.

ಪೊ ನದಿಯ ನೀರು, ಆಮೇಲೆ ಜಪಸರ

ಇಲ್ಲೊಂದು ತಮಾಷೆಯಿದೆ. ಲೇಗಾ ಮೊದಲಿನಿಂದ ದೈವಭಕ್ತರ ಪಕ್ಷವೇನಲ್ಲ. ಉತ್ತರ ಇಟಲಿಯನ್ನು ಪ್ರತ್ಯೇಕ ದೇಶವಾಗಿಸಲು ಹೊರಟಿದ್ದ ಕಾಲದಲ್ಲಿ, 1996ರಲ್ಲಿ, ಅದರ ಸ್ಥಾಪಕ ಉಂಬೆರ್ತೊ ಬೊಸ್ಸಿ ಪೊ ನದಿ ಹುಟ್ಟುವ ಬೆಟ್ಟದಲ್ಲಿ ಗಾಜಿನ ಕುಪ್ಪಿಗೆ ನೀರು ತುಂಬಿಸಿಕೊಂಡು, ಅದನ್ನು ವೆನಿಸ್ಸಿನವರೆಗೆ ಒಯ್ದು ಸುರಿದಿದ್ದರು. ಕೆಲ್ಟ್ ಪೂರ್ವಜರ ಹೆಸರು, ನದಿಪೂಜೆ, ಬಿಷಪ್ಪರಿಗೆ ಬೈಗುಳ, ಇವು ಪಕ್ಷದ ಆಗಿನ ವ್ರತಗಳು. ಆಗ ಶತ್ರು ವಲಸಿಗನಿಗಿಂತ ಹೆಚ್ಚಾಗಿ ದಕ್ಷಿಣ ಇಟಲಿಯವನು, ರೋಮಿನ ಅಧಿಕಾರಶಾಹಿ. ದಕ್ಷಿಣದಲ್ಲೂ ಮತ ಬೇಕೆಂದಾದಾಗ 'ಉತ್ತರದ ಲೇಗಾ' ಎಂಬ ಹೆಸರಿನಿಂದ 'ಉತ್ತರ' ಉದುರಿತು, ಕೈಗೆ ಜಪಸರ ಬಂತು. 2018ರ ಫೆಬ್ರವರಿಯಲ್ಲಿ ಅದೇ ದುವೋಮೊ ಚೌಕದಲ್ಲಿ ಸಾಲ್ವಿನಿ ಬೈಬಲಿನ ಶುಭಸಂದೇಶದ ಮೇಲೆ ಆಣೆ ಮಾಡಿದಾಗ, ಮಿಲಾನಿನ ಮಹಾಧರ್ಮಾಧ್ಯಕ್ಷ ಮಾರಿಯೊ ದೆಲ್ಪಿನಿ ರಾಜಕೀಯ ಸಭೆಯಲ್ಲಿ ರಾಜಕೀಯ ಮಾತಾಡಿದರೆ ಸಾಕು ಎಂದಿದ್ದರು.

ಆ ಜಾಗ ಖಾಲಿಯಿತ್ತು ಎಂಬುದನ್ನೂ ಮರೆಯಬಾರದು. ಅರ್ಧ ಶತಮಾನ ಕಥೋಲಿಕರ ಮತವನ್ನು ಒಟ್ಟಿಗೆ ಹಿಡಿದಿದ್ದ ಕ್ರಿಶ್ಚಿಯನ್ ಡೆಮಾಕ್ರಸಿ ಪಕ್ಷ ಲಂಚದ ಹಗರಣಗಳಲ್ಲಿ ಕುಸಿದು 1994ರಲ್ಲಿ ಮುಚ್ಚಿಹೋಯಿತು. ಯಜಮಾನ ಹೋದ ಮನೆಯ ಸಾಮಾನು ಬೀದಿಗೆ ಬಿದ್ದಂತೆ ಶಿಲುಬೆ, ಸಂತರು, ಗೋದಲಿ ಎಲ್ಲವೂ ಯಾರು ಬೇಕಾದರೂ ಎತ್ತಿಕೊಳ್ಳುವಂತೆ ಬಿದ್ದಿದ್ದವು.

ಬಂದರು ಬಂದ್

'ಪೋರ್ತಿ ಕ್ಯೂಸಿ', ಅಂದರೆ ಬಂದರು ಬಂದ್. ಸಾಲ್ವಿನಿ ಅಧಿಕಾರದ ಹದಿನಾಲ್ಕು ತಿಂಗಳ ಸಾರವನ್ನು ಈ ಎರಡು ಪದಗಳಲ್ಲಿ ಹೇಳಬಹುದು. ಬಂದ ಹೊಸದರಲ್ಲೇ, ಕಡಲಲ್ಲಿ ವಲಸಿಗರನ್ನು ರಕ್ಷಿಸಿ ತರುತ್ತಿದ್ದ 'ಅಕ್ವೇರಿಯಸ್' ಹಡಗನ್ನು, ಅದರಲ್ಲಿದ್ದ ಆರುನೂರಕ್ಕೂ ಹೆಚ್ಚು ಜನರೊಂದಿಗೆ, ಹೊರಗೇ ನಿಲ್ಲಿಸಿದರು. ಅದು ಸ್ಪೇನಿನ ವಲೆನ್ಸಿಯಕ್ಕೆ ಹೋಗಿ ಸೇರಿತು. ಧರ್ಮಸಭೆಗೆ ಹತ್ತಿರದ ವಾರಪತ್ರಿಕೆ 'ಫಮೀಲ್ಯಾ ಕ್ರಿಸ್ತ್ಯಾನಾ', ಸೈತಾನನಿಗೆ ಹೇಳುವ 'ಹಿಂದೆ ಸರಿ' ಎಂಬ ಲ್ಯಾಟಿನ್ ಮಾತಿನ ಜೊತೆ ಸಾಲ್ವಿನಿ ಹೆಸರನ್ನು ಸೇರಿಸಿ ಮುಖಪುಟ ಮಾಡಿತು. ಅದು ದುಡುಕು ಎಂದೇ ನನ್ನ ಅನಿಸಿಕೆ. ಮತ ಹಾಕಿದವರಲ್ಲಿ ಎಷ್ಟೋ ಮಂದಿ ಅದೇ ಪತ್ರಿಕೆಯನ್ನು ಓದುವ ಅಜ್ಜಿಯಂದಿರು; ತಮ್ಮನ್ನೂ ಸೈತಾನನ ಪಟ್ಟಿಗೆ ಸೇರಿಸಿದಂತೆ ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

2018ರ ಆಗಸ್ಟಿನಲ್ಲಿ 'ದಿಚೋತ್ತಿ' ಪ್ರಕರಣ. ಅದು ಇಟಲಿಯ ಕರಾವಳಿ ಕಾವಲು ಪಡೆಯದೇ ಹಡಗು. ದೇಶದ ಹಡಗು ದೇಶದ ಬಂದರಿನಲ್ಲಿ, ಕತಾನಿಯಾದಲ್ಲಿ, ಲಂಗರು ಹಾಕಿ ನಿಂತರೂ ಅದರಲ್ಲಿದ್ದ ವಲಸಿಗರಿಗೆ ದಿನಗಟ್ಟಲೆ ಇಳಿಯಲು ಬಿಡಲಿಲ್ಲ. ಕೊನೆಗೆ ಆಗಸ್ಟ್ 25ರಂದು ಗಂಟು ಬಿಡಿಸಿದವರು ಬಿಷಪ್ಪರು. ನೂರು ಮಂದಿಯ ಹೊಣೆ ನಮ್ಮದು ಎಂದು ಇಟಲಿಯ ಧರ್ಮಾಧ್ಯಕ್ಷರ ಮಂಡಳಿ ಒಪ್ಪಿಕೊಂಡಿತು. ಅವರನ್ನು ರೋಮಿನ ಬಳಿಯ ರೊಕ್ಕಾ ದಿ ಪಾಪಾ ಎಂಬ ಊರಿಗೆ ಕರೆದೊಯ್ದರು. ಸಾಲ್ವಿನಿ ಅದನ್ನು ತಮ್ಮ ಗೆಲುವೆಂದರು, ಸರ್ಕಾರದ ತಲೆನೋವು ಧರ್ಮಸಭೆಯ ಹೆಗಲಿಗೆ ದಾಟಿತ್ತಲ್ಲ. ಅಲ್ಲಿಗೆ ಬಂದವರಲ್ಲಿ ಹಲವರು ಕೆಲವೇ ದಿನಗಳಲ್ಲಿ ಹೊರಟುಹೋದರು. ಅವರನ್ನು ಕೂಡಿಹಾಕುವ ಕಾನೂನೇನೂ ಇರಲಿಲ್ಲ, ಆದರೂ ಸಂಪ್ರದಾಯವಾದಿ ಅಂಕಣಕಾರರಿಗೆ ಅಷ್ಟೇ ಸಾಕಾಯಿತು: ನೋಡಿ, ಪೋಪರ ಅತಿಥಿಗಳಿಗೆ ಪೋಪರ ಮನೆಯೂ ಬೇಡ!

ಇದೇ ವರ್ಷ ಲೇಗಾದವರು ಸಂಸತ್ತಿನ ಮುಂದೆ ಇಟ್ಟ ಮಸೂದೆಯೊಂದರಲ್ಲಿ ಶಾಲೆ, ಜೈಲು, ಸರ್ಕಾರಿ ಕಚೇರಿಗಳಲ್ಲಿ ಶಿಲುಬೆ ಕಡ್ಡಾಯ ಎಂದಿತ್ತು. ಪಟ್ಟಿಯಲ್ಲಿ ಬಂದರುಗಳೂ ಇದ್ದವು. ಮುಚ್ಚಿದ ಬಂದರಿನ ಗೋಡೆಗೆ ತೂಗುವ ಶಿಲುಬೆ ಯಾರಿಗೆ ಕಾಣಬೇಕಿತ್ತೋ.

ಲೆಕ್ಕವನ್ನೂ ನೋಡಬೇಕು. ಕಡಲ ದಾರಿಯಲ್ಲಿ ಇಟಲಿಗೆ ಬಂದವರು 2016ರಲ್ಲಿ ಸುಮಾರು 1 ಲಕ್ಷ 81 ಸಾವಿರ, 2017ರಲ್ಲಿ 1 ಲಕ್ಷ 19 ಸಾವಿರ, 2018ರಲ್ಲಿ 23 ಸಾವಿರ, 2019ರಲ್ಲಿ 11 ಸಾವಿರ. ಇಳಿಕೆ ಕಣ್ಣಿಗೆ ರಾಚುವಂಥದ್ದೇ. ಆದರೆ ಅದು ಶುರುವಾದದ್ದು 2017ರ ಬೇಸಿಗೆಯಲ್ಲಿ, ಎಡಪಕ್ಷದ ಗೃಹಸಚಿವ ಮಾರ್ಕೊ ಮಿನ್ನಿತಿ ಲಿಬಿಯದ ಜೊತೆ ಕೈಜೋಡಿಸಿದ ಮೇಲೆ. ಸಾಲ್ವಿನಿ ಬರುವಷ್ಟರಲ್ಲಿ ಹೊಳೆ ಅರ್ಧ ಬತ್ತಿತ್ತು. ಲಿಬಿಯದ ಬಂಧನ ಶಿಬಿರಗಳಿಗೆ ಮರಳಿ ದೂಡಿಸಿಕೊಂಡವರು ಈ ಲೆಕ್ಕದಲ್ಲಿ ಇಲ್ಲ. ಬರುವವರು ಕಡಿಮೆಯಾದಷ್ಟೂ ಅವರ ಕುರಿತ ಮಾತು ಜೋರಾದದ್ದು ಈ ಪ್ರಕರಣದ ವಿಚಿತ್ರ.

ಮ್ಯಾನ್‌ಹೋಲಿಗೆ ಇಳಿದ ಕಾರ್ಡಿನಲ್

ಮಿಲಾನ್ ಸಭೆಗೆ ಸರಿಯಾಗಿ ಒಂದು ವಾರ ಮೊದಲು, ಮೇ 11ರ ಶನಿವಾರ, ರೋಮಿನಲ್ಲಿ ನಡೆದ ಘಟನೆ ಇಲ್ಲದೆ ಚೌಕದ ಸಿಳ್ಳೆ ಅರ್ಥವಾಗುವುದಿಲ್ಲ. ಸಾಂತಾ ಕ್ರೋಚೆ ರಸ್ತೆಯಲ್ಲಿ ಹಿಂದೆ ಸರ್ಕಾರಿ ಪಿಂಚಣಿ ಕಚೇರಿಯಿದ್ದ ಕಟ್ಟಡವನ್ನು 2013ರಿಂದ ಮನೆಯಿಲ್ಲದವರು ಅಕ್ರಮವಾಗಿ ಹಿಡಿದುಕೊಂಡಿದ್ದರು. ಇಟಲಿಯವರು, ಹೊರಗಿನಿಂದ ಬಂದವರು ಸೇರಿ ನಾನೂರಕ್ಕೂ ಮೇಲ್ಪಟ್ಟು ಜನ, ಸುಮಾರು ನೂರು ಮಕ್ಕಳು. ಕರೆಂಟು ಬಿಲ್ಲಿನ ಬಾಕಿ ಮೂರು ಲಕ್ಷ ಯೂರೊ ಮುಟ್ಟಿತ್ತು. ಕಂಪನಿ ತಂತಿ ಕಿತ್ತಿತು. ಕಟ್ಟಡ ದಿನಗಟ್ಟಲೆ ಕತ್ತಲಲ್ಲಿತ್ತು.

ಪೋಪರ ಪರವಾಗಿ ಬಡವರಿಗೆ ದಾನ ಹಂಚುವ ಹೊಣೆ ಹೊತ್ತ ಕಾರ್ಡಿನಲ್ ಕೊನ್ರಾಡ್ ಕ್ರಯೆವ್ಸ್ಕಿ ಅಲ್ಲಿಗೆ ಬಂದರು. ಪೋಲೆಂಡಿನವರು, ಮಾತಿಗಿಂತ ಕೈ ಮುಂದು. ಬೀದಿಯ ಮ್ಯಾನ್‌ಹೋಲಿನೊಳಗೆ ಇಳಿದು, ವಿದ್ಯುತ್ ಕಂಪನಿಯವರು ಹಾಕಿದ್ದ ಮೊಹರು ಒಡೆದು, ಸ್ವಿಚ್ಚು ಮೇಲೆ ಮಾಡಿದರು. ಯಾರು ಮಾಡಿದ್ದೆಂದು ತಿಳಿಯಲಿ ಎಂದು ತಮ್ಮ ಹೆಸರಿನ ಚೀಟಿಯನ್ನೂ ಅಲ್ಲೇ ಇಟ್ಟು ಬಂದರು. ಸಾಲ್ವಿನಿ ಸಿಟ್ಟಾಗುವ ಬದಲು ತಣ್ಣಗೆ ಉತ್ತರಿಸಿದರು: ಹಾಗಾದರೆ ಬಾಕಿಯ ಮೂರು ಲಕ್ಷವನ್ನೂ ಅವರೇ ಕಟ್ಟುತ್ತಾರೆ ಎಂದುಕೊಳ್ಳುತ್ತೇನೆ, ಕಷ್ಟದಲ್ಲಿದ್ದರೂ ಬಿಲ್ಲು ಕಟ್ಟುವ ಇಟಲಿಯವರು ಎಷ್ಟೋ ಮಂದಿ ಇದ್ದಾರೆ.

ಕಾರ್ಡಿನಲ್ಲರ ಕೆಲಸ ನನ್ನ ಮನಸ್ಸಿಗೆ ಹಿಡಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ನೂರು ಮಕ್ಕಳನ್ನು ಕತ್ತಲಲ್ಲಿ ಬಿಟ್ಟು ಕಾನೂನಿನ ಪಾಠ ಹೇಳುವುದು ನನ್ನಿಂದಾಗದು. ಆದರೆ ಸಾಲ್ವಿನಿ ಮಾತು ನಾಟಿದ್ದು ಬೇರೆಯೇ ಜಾಗದಲ್ಲಿ. ತಿಂಗಳ ಕೊನೆಗೆ ಬಿಲ್ಲು ಹಿಡಿದು ಲೆಕ್ಕ ಹಾಕುವ, ಭಾನುವಾರ ಪೂಜೆಗೂ ಹೋಗುವ ಪಿಂಚಣಿದಾರನಿಗೆ, 'ನಾನು ನಿಯತ್ತಾಗಿ ಕಟ್ಟುತ್ತೇನೆ, ನನ್ನ ಬಾಗಿಲಿಗೆ ಯಾವ ಕಾರ್ಡಿನಲ್ಲೂ ಬರಲಿಲ್ಲ' ಎನ್ನಿಸಿದರೆ ಅದನ್ನು ದ್ವೇಷ ಎನ್ನಲಾಗದು. ಜನ ಮರುಳೋ ಜಾತ್ರೆ ಮರುಳೋ ಎಂದು ನಕ್ಕುಬಿಟ್ಟವರು ಈ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ.

ಮಿಲಾನ್ ಸಭೆಯ ಮರುದಿನದಿಂದ ಧರ್ಮಸಭೆಯ ಮೇಲಿನ ಸ್ತರ ಒಂದೇ ದನಿಯಲ್ಲಿ ಖಂಡಿಸಿತು. ವ್ಯಾಟಿಕನ್ನಿನ ವಿದೇಶಾಂಗದ ಹೊಣೆಯೂ ಇರುವ ಕಾರ್ಡಿನಲ್ ಪಿಯೆತ್ರೊ ಪರೊಲಿನ್, ಪಕ್ಷ ರಾಜಕಾರಣ ಜನರನ್ನು ಒಡೆಯುತ್ತದೆ, ದೇವರು ಎಲ್ಲರವನು, ಅವನನ್ನು ತನಗಾಗಿ ಕರೆಯುವುದು ಅಪಾಯ ಎಂದರು. ಜೆಸ್ವಿತ್ ಪತ್ರಿಕೆಯ ಸಂಪಾದಕ ಅಂತೋನಿಯೊ ಸ್ಪದಾರೊ ಹೇಳಿದ್ದು ಇನ್ನೂ ಹರಿತವಾಗಿತ್ತು: ಹಿಂದೆ ಕೈಸರನ (ಚಕ್ರವರ್ತಿಯ, ಅಂದರೆ ರಾಜ್ಯದ) ಪಾಲನ್ನು ದೇವರಿಗೆ ಕೊಡುತ್ತಿದ್ದರು, ಈಗ ದೇವರ ಪಾಲನ್ನು ಕೈಸರನೇ ಬೀಸುತ್ತಿದ್ದಾನೆ.

ಮೇ 26ರ ರಾತ್ರಿ ಎಣಿಕೆ ಮುಗಿದಾಗ ಲೇಗಾಕ್ಕೆ ಶೇ 34. ಐದು ವರ್ಷದ ಹಿಂದೆ ಅದು ಶೇ 6 ಇತ್ತು. ಪ್ರತಿ ವಾರ ಪೂಜೆಗೆ ಹೋಗುವವರಲ್ಲೂ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಲೇಗಾಕ್ಕೇ ಬಿದ್ದಿತ್ತೆಂದು ಸಮೀಕ್ಷಕರು ಲೆಕ್ಕ ಹಾಕಿದರು. ಲಾಂಪೆದೂಸಾದಲ್ಲೇ ಅದಕ್ಕೆ ಶೇ 45ರ ಮೇಲೆ ಬಂತು. ಅಲ್ಲಿ ನಾಲ್ವರಲ್ಲಿ ಒಬ್ಬರಷ್ಟೇ ಮತಗಟ್ಟೆಗೆ ಹೋಗಿದ್ದರು ಎಂಬುದನ್ನು ಗೆದ್ದವರು ಹೇಳಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ಪೂಜಾರಿ ಕೊಡಲು ಸಿದ್ಧನಿದ್ದ, ಭಕ್ತರು ಕೊಡಲಿಲ್ಲ.

ಸಾಲ್ವಿನಿ ಅವರ ಜಪಸರದಿಂದ ಹೆಚ್ಚು ನಷ್ಟವಾದದ್ದು ಸಂಪ್ರದಾಯವಾದಿ ವಾದಕ್ಕೇ ಎಂದು ನಾನು ತಿಳಿಯುತ್ತೇನೆ. ಎಷ್ಟು ಮಂದಿಯನ್ನು ಸಾಕಲು ಸಾಧ್ಯ, ಯಾವ ಷರತ್ತಿನ ಮೇಲೆ, ತಾಯ್ನೆಲದಲ್ಲೇ ಉಳಿಯುವ ಹಕ್ಕಿಗೆ ಯೂರೋಪು ಏನು ಕೊಡುತ್ತದೆ, ಇವೆಲ್ಲ ಕೂತು ಮಾತಾಡಬೇಕಿದ್ದ ಪ್ರಶ್ನೆಗಳು. ಮಣಿಗಳು ಮೇಲೆದ್ದ ಗಳಿಗೆಯಿಂದ ಚರ್ಚೆಯೆಲ್ಲ ಮಣಿಗಳ ಸುತ್ತಲೇ ಸುತ್ತಿತು. 2241ನೆಯ ಪರಿಚ್ಛೇದದ ಬಗ್ಗೆ ಆಮೇಲೆ ಯಾರೂ ವಾದಿಸಲಿಲ್ಲ; ಸಾಲ್ವಿನಿ ನಿಜಕ್ಕೂ ಭಕ್ತರೇ ಎಂದು ವಾದಿಸಿದರು.

ಆಗಸ್ಟ್ 20ರಂದು ಸೆನೆಟ್ಟಿನಲ್ಲಿ ಸರ್ಕಾರ ಉರುಳಿತು. ರಾಜೀನಾಮೆಗೆ ಮುನ್ನ ಪ್ರಧಾನಿ ಜುಸೆಪ್ಪೆ ಕೊಂತೆ, ಪಕ್ಕದಲ್ಲೇ ಕೂತಿದ್ದ ಸಾಲ್ವಿನಿಯವರನ್ನು ಉದ್ದೇಶಿಸಿ, ರಾಜಕೀಯ ಘೋಷಣೆಗೆ ಧಾರ್ಮಿಕ ಚಿಹ್ನೆಗಳನ್ನು ಬೆರೆಸುವುದು ಭಕ್ತರ ಭಾವನೆಗೆ ನೋವು ತರುತ್ತದೆ ಎಂದರು. ಸಾಲ್ವಿನಿ ಜೇಬಿನಿಂದ ಜಪಸರ ತೆಗೆದು ಮುತ್ತಿಟ್ಟರು. ಕ್ಯಾಮೆರಾಗಳು ಅದನ್ನು ಬಿಡಲಿಲ್ಲ.

ಆ ಬೇಸಿಗೆಯಲ್ಲಿ ವಲಸಿಗರಿದ್ದ 'ಓಪನ್ ಆರ್ಮ್ಸ್' ಹಡಗನ್ನು ತಡೆದದ್ದಕ್ಕಾಗಿ ಸಾಲ್ವಿನಿ ಪಲೆರ್ಮೊದಲ್ಲಿ ವಿಚಾರಣೆ ಎದುರಿಸಿದರು. 2024ರ ಡಿಸೆಂಬರ್ 20ರಂದು ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಬೆಣ್ಣೆ ಬೇರೆಯವರ ಪಾಲಾಗಿತ್ತು. 2022ರ ಚುನಾವಣೆಯಲ್ಲಿ ಲೇಗಾ ಶೇ 9ಕ್ಕಿಂತ ಕೆಳಗಿಳಿಯಿತು. 'ನಾನು ತಾಯಿ, ನಾನು ಇಟಲಿಯವಳು, ನಾನು ಕ್ರೈಸ್ತಳು' ಎಂದು ಭಾಷಣ ಮಾಡಿ ಹೆಸರಾದ ಜಾರ್ಜಾ ಮೆಲೋನಿ ಪ್ರಧಾನಿಯಾದರು. ಅವರ ಕಾಲದಲ್ಲಿ, 2023ರಲ್ಲಿ, ಕಡಲ ದಾರಿಯಲ್ಲಿ ಬಂದವರು ಮತ್ತೆ ಒಂದೂವರೆ ಲಕ್ಷ ದಾಟಿದರು. ಅದೇ ವರ್ಷ ಅವರ ಸರ್ಕಾರ ಮೂರು ವರ್ಷಕ್ಕೆ ಒಟ್ಟು 4 ಲಕ್ಷ 52 ಸಾವಿರ ವಿದೇಶಿ ಕೆಲಸಗಾರರಿಗೆ ಪರವಾನಗಿ ಕೊಡಲು ತೀರ್ಮಾನಿಸಿತು. ಹೊಲದಲ್ಲಿ ಟೊಮೇಟೊ ಕೀಳಲು, ಮುದುಕರನ್ನು ನೋಡಿಕೊಳ್ಳಲು ಜನ ಬೇಕಲ್ಲ.

ವಾದ ಮಾತ್ರ ಅಟ್ಲಾಂಟಿಕ್ ದಾಟಿತು. ಸಾಲ್ವಿನಿ ಸೆನೆಟ್ಟಿನಲ್ಲಿ ಜಪಸರಕ್ಕೆ ಮುತ್ತಿಟ್ಟ ಅದೇ 2019ರ ಆಗಸ್ಟಿನಲ್ಲಿ ಅಮೆರಿಕದ ಜೆ.ಡಿ. ವ್ಯಾನ್ಸ್ ಕಥೋಲಿಕರಾಗಿ ದೀಕ್ಷಾಸ್ನಾನ ಪಡೆದರು. 2025ರ ಜನವರಿಯಲ್ಲಿ, ಆಗಷ್ಟೇ ಉಪಾಧ್ಯಕ್ಷರಾಗಿದ್ದ ಅವರು, ಮೊದಲು ಕುಟುಂಬ, ಆಮೇಲೆ ನೆರೆಯವರು, ಆಮೇಲೆ ದೇಶದವರು, ಕೊನೆಗೆ ಲೋಕ, ಇದೇ ಕ್ರೈಸ್ತ ಪ್ರೀತಿಯ ಕ್ರಮ ಎಂದು ವಾದಿಸಿದರು. ಮನೆ ಗೆದ್ದು ಮಾರು ಗೆಲ್ಲು ಎಂದಂತೆ. ಜಪಸರ ಬೀಸದೆ, ಸಂತ ಅಗಸ್ಟೀನರ ಪರಂಪರೆಯ ಪರಿಭಾಷೆಯಲ್ಲಿ ಹೇಳಿದ್ದರಿಂದ ಅದಕ್ಕೆ ಉತ್ತರ ಕೊಡಲೇಬೇಕಾಯಿತು. ಫ್ರಾನ್ಸಿಸ್ ಫೆಬ್ರವರಿ 10ರಂದು ಅಮೆರಿಕದ ಬಿಷಪ್ಪರಿಗೆ ಬರೆದ ಪತ್ರದಲ್ಲಿ, ಆ ಕ್ರಮ ತಿಳಿಯಬೇಕಾದರೆ ಒಳ್ಳೆಯ ಸಮಾರಿಯದವನ ಕಥೆಯನ್ನು, ಗಾಯಗೊಂಡು ಬಿದ್ದ ಅಪರಿಚಿತನನ್ನು ಪರಕೀಯನೊಬ್ಬ ಕಾಪಾಡುವ ಬೈಬಲಿನ ಕಥೆಯನ್ನು, ಓದಿ ಎಂದರು. ಏಪ್ರಿಲ್ 20ರ ಈಸ್ಟರ್ ದಿನ ಇಬ್ಬರೂ ಕೆಲವು ನಿಮಿಷ ಭೇಟಿಯಾದರು. ಮರುದಿನ ಬೆಳಿಗ್ಗೆ ಫ್ರಾನ್ಸಿಸ್ ತೀರಿಕೊಂಡರು.

ಮಿಲಾನ್ ಸಭೆಯ ವರ್ಷದ ಕೊನೆಗೆ, 2019ರ ಡಿಸೆಂಬರ್ 19ರಂದು, ಫ್ರಾನ್ಸಿಸ್ ವ್ಯಾಟಿಕನ್ನಿನ ಅರಮನೆಯೊಳಗೆ ಹೋಗುವ ದಾರಿಯಲ್ಲಿ ಒಂದು ಶಿಲುಬೆಯನ್ನು ನಿಲ್ಲಿಸಿದರು. ರಾಳದಿಂದ ಮಾಡಿದ, ಬೆಳಕು ತೂರಿ ಹೋಗುವ ಶಿಲುಬೆ. ಅದಕ್ಕೆ ಯೇಸುವಿನ ಮೂರ್ತಿಯ ಬದಲು ಜೀವರಕ್ಷಕ ಜಾಕೆಟ್ ತೊಡಿಸಿದ್ದರು. ಇದೂ ಚಿಹ್ನೆಯ ರಾಜಕಾರಣವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಚುಟುಕು ಉತ್ತರವಿಲ್ಲ. ಜಾಕೆಟ್ ಆ ವರ್ಷದ ಜುಲೈಯಲ್ಲಿ ಮೆಡಿಟರೇನಿಯನ್ನಿನಲ್ಲಿ ಮುಳುಗಿದ ಒಬ್ಬರದು. ನೀರಿನ ಮೇಲೆ ತೇಲುತ್ತಿದ್ದಾಗ ಸಿಕ್ಕಿತ್ತು. ತೊಟ್ಟಿದ್ದವರು ಯಾರೆಂದು ತಿಳಿಯಲಿಲ್ಲ.